ಕೌಜಗದ ಮರಿ ಅಡ್ಡಬೀಳಲಿಲ್ಲ

ಮಹಾರಾಜರ ಕಾಲದಲ್ಲಿ ಪುರವರದ ಕಡೆಯ ನಮ್ಮೂರಿನಲ್ಲಿ ಸುಗ್ಗಿ ಮುಗಿದರೆ ಪಟೇಲರ ಕಣದಲ್ಲಿ ಬಯಲಾಟ. ಈಗ ಮಕ್ಕಳ ಪುಸ್ತಕದಲ್ಲಿ ಬಣ್ಣದ ಚಿತ್ರವಾಗಿ ಕೂತಿರುವ ಕೌಜಗದ ಮರಿಯ ಕಥೆ ಹುಟ್ಟಿದ್ದು ಅಲ್ಲಿ. ಯಾರು ಒಪ್ಪಲಿ ಬಿಡಲಿ, ಆ ಮರಿಯೇ ನಾನು.

ದೊಡ್ಡವರ ಪ್ರಸಂಗ ಮುಗಿದು ಬೆಳಕು ಹರಿಯುವಾಗ, ಕಣ್ಣುಜ್ಜಿಕೊಂಡು ಏಳುವ ಮಕ್ಕಳಿಗೆಂದು ಭಾಗವತನಾದ ನಮ್ಮಪ್ಪ ಈ ಪುಟ್ಟ ಆಟ ಕಟ್ಟಿದ್ದ. ಬದುವಿನಲ್ಲಿ ಗೂಡು ಮಾಡಿದ ಕೌಜಗದ ಹಕ್ಕಿಯನ್ನು ರಾಜ ಓಡಿಸಲು ಬರುತ್ತಾನೆ. ಮರಿ ಅವನ ಕಾಲಿಗೆ ಬಿದ್ದು ಗೂಡು ಉಳಿಸಿಕೊಳ್ಳುತ್ತದೆ. ರಾಜನ ವೇಷ ಯಾವಾಗಲೂ ಪಟೇಲರದೇ. ಪಾತ್ರದವರ ಕೊನೆಯ ಮಾತನ್ನು ಹಿಂದೆ ನಿಂತ ಹಿಮ್ಮೇಳದವರು ಎತ್ತಿ ಹಾಡುವುದು ಪದ್ಧತಿ.

ಆ ವರ್ಷ ಮರಿಯ ವೇಷದ ಹುಡುಗ ಅಮ್ಮ ಎದ್ದು, ಸಿಡುಬಿನಿಂದ ಮಲಗಿದ್ದ. ಹೆಣ್ಣುಮಕ್ಕಳು ರಂಗ ಹತ್ತುವಂತಿರಲಿಲ್ಲ. ಚಿಕ್ಕವಳಲ್ಲವೇ ಎಂದು ನನ್ನ ಮುಖಕ್ಕೆ ಬಣ್ಣ ಬಳಿದರು. ಪಂಜಿನ ಎಣ್ಣೆ ಹೊಗೆ, ಸುಟ್ಟ ಕಡಲೆಕಾಯಿಯ ವಾಸನೆ ಇನ್ನೂ ಮೂಗಿನಲ್ಲಿದೆ.

"ಕಾಲಿಗ್ ಬಿದ್ಬುಡು ಕಣಮ್ಮ, ಅಷ್ಟೇಯ ನಿನ್ ಕೆಲ್ಸ," ಎಂದ ಅಪ್ಪ.

"ಗೂಡು ಅದ್ರುದ್ದೇ ಅಲ್ವೇನಪ್ಪ? ಯಾಕ್ ಬೀಳ್ಬೇಕು?"

"ಲೇ, ಅವ್ರು ಪಟೇಲ್ರು ಕಣೇ! ಸಿಟ್ಟು ಬಂದ್ರೆ ಬರೋ ವರ್ಷ ಕಣಾನೇ ಕೊಡಾಕಿಲ್ಲ."

ರಂಗದಲ್ಲಿ ಪಟೇಲರು ಮೀಸೆ ತಿರುವಿ ಕಾಲು ಚಾಚಿದರು. ಆ ಕಾಲು ನೋಡಿದ್ದೇ ನನಗೆ ಮೈಯೆಲ್ಲ ಉರಿಯಿತು.

"ಬೀಳಾಕಿಲ್ಲ! ಗೂಡು ನಮ್ದು!" ಎಂದು ಕಿರುಚಿದೆ.

ರಾತ್ರಿಯೆಲ್ಲ ಹಾಡಿ ತೂಕಡಿಸುತ್ತಿದ್ದ ಹಿಮ್ಮೇಳದವರು ರೂಢಿಯಂತೆ ಎತ್ತಿಯೇಬಿಟ್ಟರು: "ಗೂಡು ನಮ್ದೂ..." ಕಣದ ಮಕ್ಕಳೆಲ್ಲ ದನಿಗೂಡಿಸಿದವು. ಅಪ್ಪ ಪಟೇಲರ ಕಡೆ ನೋಡಿದ. ತಾಳ ನಿಲ್ಲಿಸಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಅವನು ನನ್ನನ್ನೊಮ್ಮೆ ನೋಡಿ ತಾಳವನ್ನು ಇನ್ನೂ ಜೋರಾಗಿ ಹಾಕಿದ. ಪಟೇಲರು ಕಾಲು ಹಿಂದಕ್ಕೆಳೆದುಕೊಂಡರು.

ಮರುವರ್ಷ ಅವರು ಕಣ ಕೊಡಲಿಲ್ಲ. ಆಟ ನಿಂತಿತು, ಕಥೆಯನ್ನು ಯಾವ ಪಟೇಲ ನಿಲ್ಲಿಸಿಯಾನು? ದನ ಕಾಯುವ ಮಕ್ಕಳು ಅದನ್ನೇ ಆಡಿದವು. ಕಥೆ ಶಿರಾಕ್ಕೆ ಹೋಯಿತು, ಪಾವಗಡಕ್ಕೆ ಹೋಗಿ ತೆಲುಗನ್ನೂ ಕಲಿಯಿತು. ಎಲ್ಲರಿಗೂ ಮರಿಯಾಗುವ ಆಸೆ. ರಾಜನಾಗು ಎಂದರೆ ಜಗಳ.

ಈಗ ಆ ತಾಳವಿಲ್ಲ, ಹಿಮ್ಮೇಳದ ಆ ಗಂಟಲುಗಳಿಲ್ಲ, ಅಪ್ಪನಿಲ್ಲ. ಪುಸ್ತಕದವರು ಮರಿಯನ್ನು ಮತ್ತೆ ರಾಜನ ಕಾಲಿಗೆ ಬೀಳಿಸಿದ್ದಾರೆ, ಮಕ್ಕಳಿಗೆ ವಿನಯ ಕಲಿಸಲಂತೆ! ಮೊನ್ನೆ ಮೊಮ್ಮಗಳು ಆ ಪುಟಕ್ಕೆ ಬಂದಾಗ ಪುಸ್ತಕ ಮುಚ್ಚಿಸಿದೆ.

"ಅದು ಬೀಳ್ಲಿಲ್ಲ ಕಣೇ. ನಾನೇ ಅಲ್ಲಿದ್ದೆ."

"ಮತ್ತೆ ಏನಂತು ಅಜ್ಜಿ?"

ಹೇಳಿದೆ. ಕೊನೆಯ ಮಾತನ್ನು ಅವಳು ನನ್ನ ಹಿಂದೆಯೇ ಎತ್ತಿ ಕೂಗಿದಳು, ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುವಷ್ಟು ಜೋರಾಗಿ.