ಒಂದು ದಿನದ ಅಂಗಡಿ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ನಾನು ಗಂಬೂಟು, ಕೊಡೆ ಮಾರುತ್ತಿದ್ದ ಮಳಿಗೆಯ ಮಾಲೀಕರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬೆಳಿಗ್ಗೆ ಪೇಪರು ಹಿಡಿದು ಬರುತ್ತಿದ್ದರು. ಕನ್ನಡಕ ಹಣೆಗೇರಿಸಿ, ಪೇಪರನ್ನು ನಾಲ್ಕಾಗಿ ಮಡಚಿ, ಮುಂಬೈ, ದಿಲ್ಲಿ, ಪುಣೆಯಲ್ಲಿ ಮಳಿಗೆಗಳ ಬಾಡಿಗೆ ಏರಿದ ಸುದ್ದಿಯ ಮೇಲೆ ಬೆರಳು ಕುಟ್ಟುತ್ತಿದ್ದರು.

"ರೇಟು ದೇಶದ್ದು ಮಾರಾಯ, ನಂದಲ್ಲ."

ಕೊನೆಗೆ ಮೂರು ಪಟ್ಟು ಬಾಡಿಗೆ ಕೇಳಿದರು. ನನ್ನಿಂದಾಗಲಿಲ್ಲ. ಹದಿನೆಂಟು ವರ್ಷ ಕೂತ ಜಾಗ ಬಿಟ್ಟು ಹಿಂದಿನ ಓಣಿಗೆ ಹೋದೆ. ದೊಡ್ಡ ಕಂಪನಿ ಬರುತ್ತದೆಂದು ಅವರು ಎರಡು ಮಳೆಗಾಲ ಶಟರ್ ಎಳೆದೇ ಇಟ್ಟರು.

ಒಂದು ದಿನ ಓಣಿಗೇ ಬಂದರು. "ನಾಳೆ ಕಂಪನಿಯವ್ರು ಜಾಗ ನೋಡೋಕೆ ಬರ್ತಾರೆ. ಖಾಲಿ ಕಂಡ್ರೆ ಚೆನ್ನಾಗಿರಲ್ಲ. ಒಂದಿನ ನಿನ್ನ ಸಾಮಾನು ತಂದು ಕೂತ್ಕೋ ಮಾರಾಯ."

ಆಗಲ್ಲ ಅನ್ನಬೇಕಿತ್ತು. ಹಳೇ ಅಭ್ಯಾಸ, "ಆಯ್ತು ಸಾರ್" ಅಂದುಬಿಟ್ಟೆ. ಅದಕ್ಕೆ ನನ್ನ ಮೇಲೂ ಸಿಟ್ಟಿದೆ.

ಮರುದಿನ ಸಂತೆ. ಎಸ್ಟೇಟಿನ ಆಳುಗಳು ನನ್ನನ್ನು ಹಳೇ ಜಾಗದಲ್ಲಿ ಕಂಡು ಮುಗಿಬಿದ್ದರು. "ವಾಪಸ್ ಬಂದ್ರಾ ಅಣ್ಣ?" ಎಂದು ಕೇಳುತ್ತಲೇ ಬೂಟು ಮೆಟ್ಟಿ ನೋಡಿದರು. ಕಂಪನಿಯ ಇಬ್ಬರು ಹೊರಗೆ ನಿಂತು ತಲೆ ಎಣಿಸಿಕೊಂಡರು, ಮಾಲೀಕರ ಕೈ ಕುಲುಕಿ ಮಳಿಗೆ ತಮಗೇ ಬೇಕೆಂದು ಹೇಳಿ ಹೋದರು.

ನಾನು ಉಳಿದ ಬೂಟುಗಳನ್ನು ಗೋಣಿಚೀಲಕ್ಕೆ ತುರುಕುತ್ತಿದ್ದೆ. ಮಾಲೀಕರು ಕನ್ನಡಕ ಹಣೆಗೇರಿಸಿ, ಹೆಮ್ಮೆಯಿಂದ ಗೋಡೆ ತಟ್ಟಿದರು.

"ಜನ ನೋಡಿದ್ಯಾ? ಎಲ್ಲಾ ಈ ಜಾಗದ ಗುಣ ಮಾರಾಯ!"