ಕುಸಿದ ದಡಕ್ಕೆ ಜೊಂಡಿನ ಹೊಲಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನದಿಯ ತಿರುವಿನ ಕೆಸರಿನಲ್ಲಿ ಮೊಣಕಾಲವರೆಗೆ ಹೂತು ನಿಂತ ಹೆಂಗಸೊಬ್ಬರು ಮಣ್ಣು ತುಂಬಿದ ಉದ್ದನೆಯ ಗೋಣಿಚೀಲವನ್ನು ದಡಕ್ಕೆ ಒತ್ತಿ ಕೂರಿಸುತ್ತಿದ್ದಾರೆ. ಚೀಲದ ಮೈತುಂಬ ತೂತು. ಒಂದೊಂದು ತೂತಿಗೂ ಒಂದೊಂದು ಜೊಂಡಿನ ಗೆಡ್ಡೆ. "ಅಲ್ಲೇ ನಿಂತು ನೋಡಿದ್ರೆ ಏನು ಬರೀತೀರಿ? ಚಪ್ಪಲಿ ಬಿಟ್ಟು ಇಳೀರಿ," ಎನ್ನುತ್ತಾರೆ. ಇಳಿಯದೆ ವಿಧಿಯಿಲ್ಲ.

ಕಸುಬಿನಲ್ಲಿ ಇವರು ದರ್ಜಿ. ಶಾಲಾ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿಯುತ್ತಾರೆ. ಓಣಿಯವರ ಬಾಯಲ್ಲಿ ಮಾತ್ರ ಜೊಂಡಕ್ಕ. ಹೆಸರು ಹುಟ್ಟಿದ್ದು ಗೇಲಿಗೆ. ಈಗ ಅಂಗಡಿಯ ಬೋರ್ಡಿನ ಮೇಲೂ ಅದೇ ಇದೆ.

ಗೇಲಿಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಓಣಿಯ ಹೆಂಗಸರನ್ನೆಲ್ಲ ಸೇರಿಸಿ ನದಿಯಂಚಿನ ಜೌಗನ್ನು ಸ್ವಚ್ಛ ಮಾಡಿಸಿದವರು ಇವರೇ. ಪ್ಲಾಸ್ಟಿಕ್ ಕಸದ ಜೊತೆಗೆ ಜೊಂಡನ್ನೂ ಬೇರುಸಹಿತ ಕಿತ್ತು ಹಾಕಿದರು. ದಡ ಗುಡಿಸಿದ ಅಂಗಳದ ಹಾಗೆ ಕಂಡಿತು, ಊರೆಲ್ಲ ಹೊಗಳಿತು. ಆ ಮಳೆಗಾಲದಲ್ಲೇ ದಡ ಕುಸಿದು ನೀರು ಓಣಿಗೆ ನುಗ್ಗಿತು. ಇವರ ಹೊಲಿಗೆ ಮಿಷನ್ನೂ ಮುಳುಗಿತು. "ಕೊಳೆ ತೊಳೆಯೋಕೆ ಹೋಗಿ ಚರ್ಮಾನೇ ಸುಲಿದುಬಿಟ್ವಿ. ಚಪ್ಪಾಳೆ ಹೊಡಿಸ್ಕೊಂಡವಳು ನಾನೇ ತಾನೆ? ಬೈಸ್ಕೊಳ್ಳೋದೂ ನಾನೇ." ಅಂದಿನಿಂದ ಪ್ರತಿ ಮಳೆಗಾಲದಲ್ಲೂ ಮಿಷನ್ನು ಮಂಚ ಏರುತ್ತದೆ, ಗಂಡ ನೆಲದ ಮೇಲೆ ಮಲಗುತ್ತಾರೆ.

ಬೈಸಿಕೊಂಡು ಸುಮ್ಮನೆ ಕೂರುವ ಜಾಯಮಾನ ಇವರದಲ್ಲ. ಜೊಂಡನ್ನು ಮತ್ತೆ ನೆಟ್ಟರು. ನದಿ ಕೊಚ್ಚಿಕೊಂಡು ಹೋಯಿತು. ಆಗ ಕಸುಬಿನ ಬುದ್ಧಿ ಕೈಹಿಡಿಯಿತು. ಹಳೆಯ ಗೋಣಿಗಳನ್ನು ಉದ್ದನೆಯ ದಿಂಬಿನಂತೆ ಹೊಲಿದು, ಮಣ್ಣು ತುಂಬಿ, ಗೆಡ್ಡೆ ಸಿಕ್ಕಿಸತೊಡಗಿದರು. ಗೋಣಿ ಕೊಳೆಯುವಷ್ಟರಲ್ಲಿ ಬೇರು ದಡವನ್ನು ಹಿಡಿದಿರುತ್ತದೆ. ಬೆಳಗ್ಗೆ ಕೆಸರು, ಹಗಲು ಸಮವಸ್ತ್ರ, ಸಂಜೆ ಗೋಣಿ. ಬೈದಿದ್ದ ಹೆಂಗಸರೇ ಈಗ ಮಣ್ಣು ತುಂಬಿಕೊಡುತ್ತಾರೆ. ದಡದ ಬಹುಪಾಲು ಹಸಿರಾಗಿದೆ. ಉಳಿದಿರುವುದು ಈ ತಿರುವು.

ತಕರಾರೆಲ್ಲ ಈ ತಿರುವಿನದೇ. ಈ ಮಳೆಗಾಲ ಇಲ್ಲಿ ದಡ ನಿಲ್ಲದಿದ್ದರೆ ಜೌಗನ್ನು ಮುಚ್ಚಿ ಕಲ್ಲಿನ ಗೋಡೆ ಕಟ್ಟುವುದಾಗಿ ನಗರಸಭೆ ಹೇಳಿದೆ. ನೀರುಕೋಳಿ, ಕಪ್ಪೆ, ಮೀನುಮರಿಗಳ ಕಥೆ ಅಲ್ಲಿಗೆ ಮುಗಿದಂತೆ. "ಗೋಡೆ ಕಟ್ಟಿದ್ರೆ ನೀರು ಆಚೆ ದಡದವರ ಮನೆಗೆ ನುಗ್ಗುತ್ತೆ. ಅವ್ರೇನು ಪಾಪ ಮಾಡಿದ್ರು?"

ಮೊದಲ ಜೋರು ಮಳೆಯ ಮರುದಿನ ಮತ್ತೆ ಹೋಗುತ್ತೇನೆ. ತಿರುವಿನಲ್ಲಿ ಒಂದು ಚೀಲ ಜಗ್ಗಿದೆ, ದಡ ಅಲುಗಿಲ್ಲ. ನನಗಂತೂ ಹೇಳಲಾರದಷ್ಟು ಸಂತೋಷ. ನೋಡಲು ಬಂದ ನಗರಸಭೆಯ ಎಂಜಿನಿಯರಿಗೆ ಆ ಚೀಲದ ಮೇಲೆಯೇ ನಿಂತು ಫೋಟೊ ತೆಗೆಯುವ ಹುಕಿ.

"ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ಚಿಗುರು ತುಳೀತಿದ್ದೀರಿ," ಎನ್ನುತ್ತಾರೆ ಜೊಂಡಕ್ಕ.

ಅವರು ಸರಿದು ನಿಲ್ಲುತ್ತಾರೆ. "ಮಳೆಗಾಲ ಇನ್ನೂ ಬಾಕಿ ಇದೆಯಮ್ಮ."

"ಇರ್ಲಿ ಬಿಡಿ ಸಾರ್, ನಾವೂ ಇಲ್ಲೇ ಇರ್ತೀವಿ."

ಮನೆಯಲ್ಲಿ ಗಂಡ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಾರೆ. "ನೋಡಿ, ಈ ವರ್ಷ ನನ್ನ ಜಾಗ ನನಗೆ ವಾಪಸ್ ಬಂತು," ಎಂದು ನಗುತ್ತಾರೆ. ಮಿಷನ್ನು ನೆಲದ ಮೇಲಿದೆ, ಬಾಗಿಲಿನ ಪಕ್ಕದಲ್ಲೇ.

ಹೆದರಿಕೆ ಇಲ್ಲವೇ ಎಂದು ಕೇಳುತ್ತೇನೆ. ಜೊಂಡಕ್ಕ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಾರೆ: "ಆ ದಡದ ಮೇಲೆ ನನಗೇ ನಂಬಿಕೆ ಇಲ್ದಿದ್ರೆ, ನಗರಸಭೆಯವ್ರು ಹೇಗೆ ನಂಬ್ತಾರೆ?"