ಕ್ಯಾಂಡಿಯಲ್ಲಿ ಮುಳುಗಿದ ಹೊತ್ತು

ನನ್ನ ಮೇಲೆ ನನಗಿನ್ನೂ ಸಿಟ್ಟಿದೆ. ಜಮಖಂಡಿಯ ಶಾಲೆಯಲ್ಲಿ ಭೂಗೋಳ ಕಲಿಸುವವಳು ನಾನು, ಎಡವಿದ್ದೂ ಅದರಲ್ಲೇ.

ಮೇ ರಜೆಯಲ್ಲಿ ತೇರದಾಳದಿಂದ ಅವ್ವನನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋದೆ. ಶನಿವಾರ, ಭಾನುವಾರ ಕ್ಯಾಂಡಿ. ನಾವು ಜೈನರು; ಹೊತ್ತು ಮುಳುಗಿದರೆ ಅವ್ವ ತುತ್ತು ಅನ್ನವಿರಲಿ, ಹನಿ ನೀರನ್ನೂ ಮುಟ್ಟುವುದಿಲ್ಲ. "ನನ್ನ ಊಟದ ಹೊತ್ತ ತಪ್ಪಸಂಗಿಲ್ಲ ಅಂದ್ರ ಬರ್ತೇನಿ" ಎಂದಿದ್ದಳು. ಮಾತು ಕೊಟ್ಟಿದ್ದೆ.

ಶನಿವಾರ ಬೆಳಿಗ್ಗೆ ಬುದ್ಧನ ಹಲ್ಲು ಇರುವ ದೇವಾಲಯ. ಎರಡು ತಾಸು ಸಾಲಿನಲ್ಲಿ ನಿಂತು ನೋಡಿದ್ದು ಬಂಗಾರದ ಕರಂಡಕ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಮಧ್ಯಾಹ್ನ ಹೋಟೆಲಿನ ಪಲ್ಯಗಳಲ್ಲೆಲ್ಲ ಆಲೂಗಡ್ಡೆ, ಈರುಳ್ಳಿ; ಗಡ್ಡೆಗಳು ಅವ್ವನಿಗೆ ವರ್ಜ್ಯ. ಅವ್ವ ಎರಡು ಬಾಳೆಹಣ್ಣು ತಿಂದು ಸುಮ್ಮನಾದಳು. ಬನಹಟ್ಟಿಯ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿ ರೂಮಿನಲ್ಲಿದ್ದವು. ಐದಕ್ಕೆ ನೃತ್ಯ ಪ್ರದರ್ಶನ.

"ಮೊದಲ ಉಂಡ ಬರೂಣು" ಎಂದಳು.

"ಇಲ್ಲೀ ಗಡಿಯಾರ, ನಮ್ಮೂರ ಗಡಿಯಾರ ಒಂದ ಬೇ ಅವ್ವಾ. ಏಳರ ತನಕಾ ಹೊತ್ತ ಇರ್ತೈತಿ. ಕುಣಿತ ಮುಗದ ಮ್ಯಾಲೆ ಉಂಡ್ರಾತು."

"ಖರೇ?"

"ಖರೇ ಬೇ."

ಪ್ರದರ್ಶನ ತಡವಾಗಿ ಶುರುವಾಯಿತು. ಡೋಲು, ಬೆಂಕಿ, ಮತ್ತೆ ಡೋಲು. ಆರೂವರೆಗೆ ಹೊರಬಂದರೆ ಬೀದಿದೀಪ ಹತ್ತಿದ್ದವು! ಗಡಿಯಾರ ಒಂದೇ, ಆದರೆ ಲಂಕೆ ನಮ್ಮೂರಿಗಿಂತ ಎಷ್ಟೋ ಪೂರ್ವಕ್ಕಿದೆ, ಸಮಭಾಜಕಕ್ಕೂ ಹತ್ತಿರ. ಅಲ್ಲಿ ಸೂರ್ಯ ಅರ್ಧ ತಾಸು ಮೊದಲೇ ಮುಳುಗುತ್ತಾನೆ. ಪ್ರತಿವರ್ಷ ಇದೇ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಮಾಡುತ್ತೇನೆ. ಸಿಟ್ಟನ್ನು ನಮ್ಮ ಜೊತೆ ಬಂದಿದ್ದ ಗೈಡ್ ಮೇಲೆ ತೀರಿಸಿಕೊಂಡೆ. ಪಾಪ, ಅವನು ಪಿಳಿಪಿಳಿ ನೋಡಿದ.

ರೂಮಿನಲ್ಲಿ ಗಂಟು ಬಿಚ್ಚಿ, "ಮೋಡ ಆಗೇತಿ ಅಷ್ಟ, ಹೊತ್ತ ಇನ್ನೂ ಮುಣಗಿಲ್ಲ, ಎರಡ ತುತ್ತ ತಿನ್ನ" ಎಂದು ಸುಳ್ಳು ಹೇಳಿದೆ.

"ನನಗೂ ಕಣ್ಣ ಅದಾವು" ಎಂದಳು. ಗಂಟನ್ನು ಮತ್ತೆ ಕಟ್ಟಿ ಗೋಡೆಯತ್ತ ಮುಖ ಮಾಡಿ ಮಲಗಿದಳು. ಪರದೇಶದಲ್ಲಿ ಒಂದು ದಿನ ನೇಮ ತಪ್ಪಿದರೆ ಏನು ಗಂಟು ಹೋಗುತ್ತದೆ ಎಂದು ಕೂಗಾಡಿಬಿಟ್ಟೆ. ನಾನೂ ಉಣ್ಣಲಿಲ್ಲ, ಅದರಿಂದ ಅವಳ ಹೊಟ್ಟೆಯೇನೂ ತುಂಬಲಿಲ್ಲ.

ಭಾನುವಾರ ಮಧ್ಯಾಹ್ನ ಗುಡ್ಡದ ಮೇಲಿನ ದೊಡ್ಡ ಬಿಳಿ ಬುದ್ಧನನ್ನು ನೋಡಲು ಹೋದೆವು. ಬರಿಗಾಲಿಗೆ ಕಲ್ಲು ಚುರುಗುಟ್ಟುತ್ತಿತ್ತು. ಏನು ನೋಡಿದೆನೋ, ಒಂದೂ ತಲೆಗೆ ಹೋಗಲಿಲ್ಲ. ಕೆಳಗಿಳಿದ ಮೇಲೆ ಅವ್ವ ಬಾಗಿಲ ಬಳಿ ಎಳನೀರು ಮಾರುವ ಹೆಂಗಸಿನ ಹತ್ತಿರ ಹೋದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅವ್ವ ಸೂರ್ಯನನ್ನು ತೋರಿಸಿ, ಅಂಗೈಯನ್ನು ಮೆಲ್ಲಗೆ ಗುಡ್ಡದ ಹಿಂದಕ್ಕೆ ಇಳಿಸಿ, ಯಾವಾಗ ಎಂಬಂತೆ ಹುಬ್ಬೇರಿಸಿದಳು. ಆ ಹೆಂಗಸು ನಕ್ಕು ಆರು ಬೆರಳೆತ್ತಿದಳು. ಅವ್ವ ತಲೆಯಾಡಿಸಿದಳು.

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಕೇಳಲಿಲ್ಲ.